ಏಳು ತಂತಿಯ ಪಿಟೀಲು ಚೌಡಯ್ಯನವರು

ಊರಿನ ಗುಡಿಯಲ್ಲಿ ಭಜನೆ ನಡೆಯುವಾಗ ಮುಂದೆ ಕುಳಿತವರಿಗೆ ಪದವೂ ರಾಗವೂ ಚೆನ್ನಾಗಿ ಕೇಳಿಸುತ್ತವೆ. ಹೊರಗೆ ಕಟ್ಟೆಯ ಮೇಲೆ ಕುಳಿತವರಿಗೆ ತಾಳದ ಸದ್ದಷ್ಟೇ ದಕ್ಕುತ್ತದೆ. ಇಂದು ಧ್ವನಿವರ್ಧಕವಿದೆ. ಅದು ಇಲ್ಲದ ಕಾಲದಲ್ಲಿ, ಹಿಂದೆ ಕುಳಿತವರಿಗೂ ನಾದ ಮುಟ್ಟಬೇಕೆಂದು ತಮ್ಮ ವಾದ್ಯವನ್ನೇ ಬದಲಿಸಿಕೊಂಡ ಕನ್ನಡನಾಡಿನ ಕಲಾವಿದರೊಬ್ಬರಿದ್ದರು. ಅವರೇ ತಿರುಮಕೂಡಲು ಚೌಡಯ್ಯನವರು.

ಕಾವೇರಿ, ಕಪಿಲಾ ನದಿಗಳು ಕೂಡುವ ತಿರುಮಕೂಡಲು ಮೈಸೂರು ಸೀಮೆಯ ಪುಣ್ಯಕ್ಷೇತ್ರ. ಅಲ್ಲಿ 1895ರಲ್ಲಿ ಚೌಡಯ್ಯನವರು ಜನಿಸಿದರು. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮನವರು. ಹದಿನೈದರ ಹರೆಯದಲ್ಲಿ, 1910ರಲ್ಲಿ, ಮೈಸೂರಿನ ಆಸ್ಥಾನ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಗುರುಗಳು ಗಾಯಕರು, ಶಿಸ್ತಿಗೆ ಹೆಸರಾದವರು. ಅವರ ಮನೆಯಲ್ಲಿ ವರ್ಷಗಟ್ಟಲೆ ಗುರುಕುಲವಾಸ ನಡೆಯಿತು. ಹಾಡಿನ ಗುರುವಿನ ಬಳಿ ಪಳಗಿದ್ದರಿಂದಲೇ ಚೌಡಯ್ಯನವರ ಪಿಟೀಲು ಕಂಠದ ಗಾಯನವನ್ನು ನೆರಳಿನಂತೆ ಹಿಂಬಾಲಿಸುತ್ತಿತ್ತು. ಅರಿಯಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್ ಮುಂತಾದ ಘನ ವಿದ್ವಾಂಸರಿಗೆ ಅವರು ಪಕ್ಕವಾದ್ಯ ನುಡಿಸಿದರು.

ಆಗ ಸಭೆಗಳು ದೊಡ್ಡವಾಗುತ್ತಿದ್ದವು. ಧ್ವನಿವರ್ಧಕವಿನ್ನೂ ಬಳಕೆಗೆ ಬಂದಿರಲಿಲ್ಲ. ಗಾಯಕರ ತುಂಬುಕಂಠದ ಎದುರು ನಾಲ್ಕು ತಂತಿಯ ಪಿಟೀಲು ಕೊನೆಯ ಸಾಲಿಗೆ ತಲುಪುತ್ತಿರಲಿಲ್ಲ. 1927ರ ಸುಮಾರಿಗೆ ಚೌಡಯ್ಯನವರು ಇದಕ್ಕೊಂದು ಉಪಾಯ ಕಂಡರು. ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರು ಜೊತೆತಂತಿಗಳನ್ನು ಸೇರಿಸಿದರು. ಹೀಗೆ ಏಳು ತಂತಿಯ ಪಿಟೀಲು ಸಿದ್ಧವಾಯಿತು. ನಾದ ಇಮ್ಮಡಿ ತುಂಬಿಕೊಂಡಿತು.

ಓದಲು ಇದು ಸುಲಭವೆನಿಸುತ್ತದೆ. ಆದರೆ ಪಿಟೀಲಿನ ಮೇಲ್ಹಲಗೆ ಬಹು ತೆಳು. ತಂತಿಗಳ ಬಿಗಿತವೆಲ್ಲ ಕುದುರೆಯ ಮೂಲಕ ಆ ಹಲಗೆಯ ಮೇಲೆಯೇ ಬೀಳುತ್ತದೆ. ತಂತಿ ಹೆಚ್ಚಿದರೆ ಭಾರ ಹೆಚ್ಚು. ಹಲಗೆ ಕುಸಿಯುವ, ಸೀಳುವ ಭಯವೂ ಹೆಚ್ಚು. ಬಿರಡೆಗಳೂ ಏಳು ಬೇಕು. ಜೊತೆತಂತಿಗಳ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ನಾದ ಒಡೆದು ಕೇಳುತ್ತದೆ. ಒಂದೇ ಬೆರಳು ಎರಡು ತಂತಿಗಳನ್ನು ಸಮನಾಗಿ ಒತ್ತಬೇಕು, ಕಮಾನು ಎರಡನ್ನೂ ಸಮನಾಗಿ ಉಜ್ಜಬೇಕು. ಕಲಿತ ಕೈಯನ್ನು ಮತ್ತೆ ಹೊಸದಾಗಿ ಪಳಗಿಸಿದ ಸಾಧನೆ ಇದು.

ಸೋಜಿಗವೆಂದರೆ, ಅದೇ ಕಾಲದಲ್ಲಿ ದೂರದ ಅಮೆರಿಕದಲ್ಲಿಯೂ ಇದೇ ಚಿಂತೆ ಇತ್ತು. ವಾದ್ಯಮೇಳದ ಗದ್ದಲದಲ್ಲಿ ಗಿಟಾರಿನ ದನಿ ಮುಳುಗಿಹೋಗುತ್ತಿತ್ತು. ಅದಕ್ಕಾಗಿ ಅಲ್ಲಿಯ ಗಿಬ್ಸನ್ ಕಂಪನಿಯವರು 1922ರಲ್ಲಿ ಪಿಟೀಲಿನಂತೆಯೇ ಉಬ್ಬಿದ ಮೇಲ್ಹಲಗೆ ಮತ್ತು ನೀಳವಾದ ನಾದರಂಧ್ರಗಳುಳ್ಳ ಗಿಟಾರನ್ನು ಹೊರತಂದರು. ಮುಂದೆ ವಿದ್ಯುತ್ತಿನ ಧ್ವನಿವರ್ಧಕ ಬಂದಾಗ ಎರಡೂ ವಾದ್ಯಗಳ ಮೊದಲಿನ ಅಗತ್ಯ ಕಡಿಮೆಯಾಯಿತು. ಆದರೂ ಅಂತಹ ಹಳೆಯ ಗಿಟಾರುಗಳನ್ನು ಬಲ್ಲವರು ಇಂದಿಗೂ ಜೋಪಾನವಾಗಿ ದುರಸ್ತಿ ಮಾಡಿ ನುಡಿಸುತ್ತಾರೆ.

ಹಳೆಯ ವಾದ್ಯದ ಬೆಲೆ ಕಟ್ಟುವ ಕ್ರಮವೂ ತಿಳಿಯತಕ್ಕದ್ದು. ಬಲ್ಲವರು ಮೊದಲು ಹೊಳಪನ್ನು ನೋಡುವುದಿಲ್ಲ. ಮೇಲ್ಹಲಗೆ ಕುಸಿದಿದೆಯೇ, ಕತ್ತು ಬಾಗಿದೆಯೇ, ಬೆಸುಗೆ ಬಿಟ್ಟಿದೆಯೇ, ಮೂಲ ಭಾಗಗಳು ಉಳಿದಿವೆಯೇ ಎಂದು ಪರೀಕ್ಷಿಸುತ್ತಾರೆ. ಹಳೆಯ ವಾರ್ನಿಷನ್ನು ಕೆರೆದು ಹೊಸದಾಗಿ ಬಳಿದರೆ ವಾದ್ಯದ ಬೆಲೆಯೇ ಇಳಿಯುತ್ತದೆ. ಪಿಟೀಲನ್ನು ಚರ್ಮದಿಂದ ತೆಗೆದ ಅಂಟಿನಲ್ಲಿ ಜೋಡಿಸುವುದೂ ಇದಕ್ಕಾಗಿಯೇ: ಶಾಖ, ತೇವ ತಾಗಿಸಿದರೆ ಅಂಟು ಬಿಡುತ್ತದೆ, ಮರಕ್ಕೆ ನೋವಾಗದಂತೆ ಬಿಚ್ಚಿ ಮತ್ತೆ ಕೂಡಿಸಬಹುದು.

ಹಾಗಾದರೆ ಏಳು ತಂತಿಯ ಪಿಟೀಲಿಗೆ ಯಾವ ಬೆಲೆ ಕಟ್ಟೋಣ? ಚೌಡಯ್ಯನವರ ನಂತರ ಅದನ್ನು ಹಿಡಿದವರು ವಿರಳ. ಹಾಗೆಂದು ಅದು ಸೋತ ಪ್ರಯೋಗವೆನ್ನಲು ನಮಗೆ ಮನಸ್ಸಾಗದು. ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತೋ ಆ ಪ್ರಶ್ನೆಗೆ ಅದು ಸರಿಯಾಗಿ ಉತ್ತರ ಕೊಟ್ಟಿತು. ಹಿಂದಿನ ಸಾಲಿನವನ ಕಿವಿಯನ್ನು ನೆನೆದ ವಾದ್ಯವದು.

1943ರಲ್ಲಿ ಚೌಡಯ್ಯನವರು 'ವಾಣಿ' ಎಂಬ ಕನ್ನಡ ಚಲನಚಿತ್ರವನ್ನೂ ನಿರ್ಮಿಸಿದರು. 'ತ್ರಿಮಕುಟ' ಎಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. ಹುಟ್ಟಿದೂರನ್ನು ಹೀಗೆ ಹಾಡಿನಲ್ಲಿ ಉಳಿಸಿದರು. 1957ರಲ್ಲಿ ಮದರಾಸಿನ ಸಂಗೀತ ವಿದ್ವತ್ ಸಭೆಯ 'ಸಂಗೀತ ಕಲಾನಿಧಿ' ಬಿರುದು ಅವರಿಗೆ ಸಂದಿತು. 1967ರ ಜನವರಿ 19ರಂದು ಅವರು ನಾದದಲ್ಲಿ ಲೀನರಾದರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ 1980ರಿಂದ ಅವರ ಹೆಸರನ್ನು ಹೊತ್ತು ನಿಂತಿದೆ.

ನಾಗಲಗಿದ್ದದ ನಾವು ಕನ್ನಡದ ದೊಡ್ಡ ಸಭೆಯಲ್ಲಿ ಕೊನೆಯ ಸಾಲಿನವರು. ಗಡಿಯಾಚೆ ತೆಲಂಗಾಣದಲ್ಲಿ ಕುಳಿತು ಕನ್ನಡ ಕಲಿಯುವ ನಮಗೆ ಚೌಡಯ್ಯನವರು ಹತ್ತಿರದವರಾಗುವುದು ಇದರಿಂದಲೇ. ವಿದ್ಯಾರ್ಥಿಗಳೇ, ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಏಕತಾರಿಯೋ ಹಾರ್ಮೋನಿಯಮ್ಮೋ ಇದ್ದರೆ ಗುಜರಿಗೆ ಹಾಕಬೇಡಿರಿ. ಪಾಲಕರಲ್ಲಿಯೂ ನಮ್ಮ ಬಿನ್ನಹ ಇದೇ. ಧೂಳು ಒರೆಸಿ, ಬಲ್ಲವರಿಗೆ ತೋರಿಸಿ, ಮಕ್ಕಳ ಕೈಗೆ ಕೊಡಿರಿ. ಅದರ ನಾದ ಇನ್ನೊಂದು ತಲೆಮಾರಿಗೆ ಕೇಳಿಸಲಿ.