ಮೇರಿ ಆಂಡರ್ಸನ್ (ಸಂಶೋಧಕಿ)

ಮೇರಿ ಆಂಡರ್ಸನ್ (ಫೆಬ್ರವರಿ 19, 1866 – ಜೂನ್ 27, 1953) ಅಮೆರಿಕದ ಅಲಬಾಮಾ ರಾಜ್ಯದ ಸಂಶೋಧಕಿ. ವಾಹನದ ಮುಂಭಾಗದ ಗಾಜಿನ ಮೇಲಿನ ಮಳೆನೀರನ್ನೂ ಹಿಮವನ್ನೂ ಒಳಗೆ ಕುಳಿತ ಚಾಲಕನೇ ಒರೆಸಿ ತೆಗೆಯಬಲ್ಲ ಸಾಧನಕ್ಕೆ ಇವರು 1903ರಲ್ಲಿ ಪೇಟೆಂಟ್ ಪಡೆದರು. ಇಂದಿನ ವೈಪರಿನ ಮೊದಲ ಸಮರ್ಪಕ ರೂಪ ಇದೆಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ. ಇದರಿಂದ ಇವರಿಗೆ ಹಣವೇನೂ ದೊರೆಯಲಿಲ್ಲ.

ಆರಂಭಿಕ ಜೀವನ

ಮೇರಿ ಗ್ರೀನ್ ಕೌಂಟಿಯ ಬರ್ಟನ್ ಹಿಲ್ ಎಂಬ ತೋಟದಲ್ಲಿ ಜನಿಸಿದರು. ನಾಲ್ಕನೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. 1889ರಲ್ಲಿ ತಾಯಿ ಮತ್ತು ಸಹೋದರಿಯೊಡನೆ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಬಂದು ಅಲ್ಲಿ ಫೇರ್‌ಮಾಂಟ್ ಎಂಬ ವಸತಿ ಸಮುಚ್ಚಯವನ್ನು ಕಟ್ಟಿಸಿದರು. 1893ರಿಂದ 1898ರವರೆಗೆ ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ದನಗಳ ಸಾಕಣೆಯನ್ನೂ ದ್ರಾಕ್ಷಿ ತೋಟವನ್ನೂ ನೋಡಿಕೊಂಡರು. ಇವರು ಇಂಜಿನಿಯರ್ ಆಗಿರಲಿಲ್ಲ.

ಸಂಶೋಧನೆ

1902ರ ಚಳಿಗಾಲದಲ್ಲಿ ಮೇರಿ ನ್ಯೂಯಾರ್ಕ್ ನಗರಕ್ಕೆ ಹೋಗಿದ್ದರು. ಹಿಮಮಿಶ್ರಿತ ಮಳೆ ಸುರಿಯುತ್ತಿದ್ದ ದಿನ ಟ್ರಾಮಿನಲ್ಲಿ ಕುಳಿತಿದ್ದಾಗ, ದಾರಿ ಕಾಣದ ಚಾಲಕನು ಮುಂಭಾಗದ ಗಾಜನ್ನೇ ತೆರೆದಿಟ್ಟು ವಾಹನ ನಡೆಸುತ್ತಿದ್ದುದನ್ನು ಕಂಡರು. ಚಳಿಗಾಳಿ ಚಾಲಕನ ಮುಖಕ್ಕೂ ಪ್ರಯಾಣಿಕರಿಗೂ ನೇರವಾಗಿ ಬಡಿಯುತ್ತಿತ್ತು. ಈ ಕಷ್ಟಕ್ಕೆ ಎಲ್ಲರೂ ಒಗ್ಗಿಹೋಗಿದ್ದರು. ಒಗ್ಗದೆ ಉಳಿದವರು ಊರಿನಿಂದ ಬಂದ ಈ ಮಹಿಳೆ.

ಊರಿಗೆ ಮರಳಿದ ಮೇರಿ ತಮ್ಮ ಕಲ್ಪನೆಯ ನಕ್ಷೆ ಸಿದ್ಧಪಡಿಸಿ, ಜೂನ್ 18, 1903ರಂದು ಅರ್ಜಿ ಸಲ್ಲಿಸಿದರು. ಅದೇ ವರ್ಷ ನವೆಂಬರ್ 10ರಂದು 743,801 ಸಂಖ್ಯೆಯ ಪೇಟೆಂಟ್ ದೊರೆಯಿತು. ಒಳಗಿನ ಹಿಡಿಕೆಯನ್ನು ತಿರುಗಿಸಿದರೆ ಹೊರಗಿನ ತೋಳು ಗಾಜಿನ ಮೇಲೆ ಅತ್ತಿತ್ತ ಸರಿಯುತ್ತಿತ್ತು. ತೋಳಿಗೆ ರಬ್ಬರಿನ ಅಂಚು. ಅದು ಗಾಜಿಗೆ ಸಮನಾಗಿ ಒತ್ತಿಕೊಂಡಿರಲು ಸ್ಪ್ರಿಂಗ್ ಮತ್ತು ತೂಕದ ವ್ಯವಸ್ಥೆ. ಬೇಡವಾದ ಕಾಲದಲ್ಲಿ ಇಡೀ ಸಾಧನವನ್ನು ಕಳಚಿಡಲೂ ಬರುತ್ತಿತ್ತು. ಅದೇ ಕಾಲದಲ್ಲಿ ಬೇರೆಯವರೂ ಇಂಥ ಸಾಧನಗಳಿಗೆ ಪೇಟೆಂಟ್ ಪಡೆದಿದ್ದುದರಿಂದ, ಜಗತ್ತಿನಲ್ಲೇ ಮೊದಲಿಗರು ಎಂಬ ಮಾತು ವಿವಾದಾತೀತವಲ್ಲ.

1905ರಲ್ಲಿ ಮೇರಿ ಪೇಟೆಂಟಿನ ಹಕ್ಕನ್ನು ಮಾರಲು ಕೆನಡಾದ ಸಂಸ್ಥೆಯೊಂದಕ್ಕೆ ಬರೆದರು. ವ್ಯಾಪಾರದ ದೃಷ್ಟಿಯಿಂದ ಅದಕ್ಕೆ ಬೆಲೆಯಿಲ್ಲವೆಂದು ಸಂಸ್ಥೆ ನಿರಾಕರಿಸಿತು. ಮೋಟಾರು ವಾಹನಗಳು ವಿರಳವಾಗಿದ್ದ ಕಾಲವದು. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಬಂದದ್ದೇ 1908ರಲ್ಲಿ. ಹಾಗೆಂದು ಆ ನಿರಾಕರಣೆಯನ್ನು ದೂರದೃಷ್ಟಿಯೆಂದು ಕರೆಯಲಾಗದು. ಪೇಟೆಂಟಿನ ಅವಧಿ 17 ವರ್ಷಗಳಾಗಿದ್ದು, 1920ರಲ್ಲಿ ಮುಗಿಯಿತು. ವೈಪರ್ ಕಾರುಗಳ ಸಾಮಾನ್ಯ ಅಂಗವಾದದ್ದು ಆ ಬಳಿಕ.

ಚಾಲನಶಕ್ತಿಯ ಬದಲಾವಣೆ ಮತ್ತು ದೋಷಗಳು

ಕೈಹಿಡಿಕೆಯ ಸ್ಥಾನಕ್ಕೆ ಮುಂದೆ ಎಂಜಿನ್ನಿನ ನಿರ್ವಾತದಿಂದ ನಡೆಯುವ ವೈಪರುಗಳು ಬಂದವು. ಏರಿನಲ್ಲಿ ವೇಗವರ್ಧಕವನ್ನು ಒತ್ತಿದಾಗ ನಿರ್ವಾತ ಕುಗ್ಗಿ ಇವು ನಿಧಾನವಾಗುತ್ತಿದ್ದವು, ಕೆಲವೊಮ್ಮೆ ನಿಂತೇಬಿಡುತ್ತಿದ್ದವು. ವಿದ್ಯುತ್ ಮೋಟಾರು ಆ ದೋಷವನ್ನು ನಿವಾರಿಸಿತು. ಆದರೆ ತೋಳು, ತಿರುಗುಣಿ, ರಬ್ಬರು ಮೇರಿಯವರ ಕಾಲದವೇ ಆಗಿ ಉಳಿದಿರುವುದರಿಂದ ಅವುಗಳ ಜಡತೆಯೂ ಉಳಿದಿದೆ.

ಕರ್ನಾಟಕದಲ್ಲಿ ಇದನ್ನು ನೋಡಬೇಕಾದರೆ ಮಲೆನಾಡಿಗಿಂತ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳೇ ಸೂಕ್ತ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇವೂ ಸೇರಿವೆ. ತಿಂಗಳುಗಟ್ಟಲೆ ಕೆಲಸವಿಲ್ಲದ ವೈಪರಿನ ತಿರುಗುಣಿಯಲ್ಲಿ ಧೂಳು ಕೂತು ಗ್ರೀಸು ಗಟ್ಟಿಯಾಗುತ್ತದೆ. ಬಿಸಿಲಿಗೆ ರಬ್ಬರು ಬಿರಿಯುತ್ತದೆ. ಉತ್ತರೆ ಅಥವಾ ಹಸ್ತ ಮಳೆ ಒಮ್ಮೆಗೇ ಹೊಡೆದಾಗ, ತಳುಕು–ರಾಂಪುರ ದಾರಿಯಲ್ಲಿ ಶೇಂಗಾ ಹೇರಿಕೊಂಡು ಬಳ್ಳಾರಿಯತ್ತ ಹೊರಟ ಲಾರಿಯ ಚಾಲಕನಿಗೂ ನ್ಯೂಯಾರ್ಕಿನ ಟ್ರಾಮ್ ಚಾಲಕನಿಗೂ ವ್ಯತ್ಯಾಸವಿರದು. ಬೇಡದ ಕಾಲದಲ್ಲಿ ಕಳಚಿಡಬಹುದೆಂಬ ಮೇರಿಯವರ ವ್ಯವಸ್ಥೆ ಇಂಥ ಸೀಮೆಗೆ ಹೇಳಿ ಮಾಡಿಸಿದಂತಿತ್ತು.

ನಿಧಾನವಾದ ವೈಪರಿನ ದೋಷ ಎಲ್ಲಿದೆಯೆಂದು ತಿಳಿಯಲು ಮೋಟಾರಿನಿಂದ ಸರಳುಗಳ ಜೋಡಣೆಯನ್ನು ಬಿಡಿಸಿ, ಮೋಟಾರನ್ನಷ್ಟೇ ಓಡಿಸಿ ನೋಡಬೇಕು. ಅದು ಸರಾಗವಾಗಿ ತಿರುಗಿದರೆ ದೋಷ ತಿರುಗುಣಿಯಲ್ಲಿದೆ. ಅದನ್ನು ಬಿಚ್ಚಿ ತುಕ್ಕು ತೆಗೆದು ಹೊಸ ಗ್ರೀಸು ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆಗಲೂ ಮೋಟಾರು ತೆವಳಿದರೆ ಸವೆದ ಕಾರ್ಬನ್ ಬ್ರಷ್, ಸಡಿಲವಾದ ಅಥವಾ ತುಕ್ಕು ಹಿಡಿದ ಅರ್ಥ್ ಸಂಪರ್ಕ, ದುರ್ಬಲ ಬ್ಯಾಟರಿ ಇವುಗಳನ್ನು ಪರೀಕ್ಷಿಸಬೇಕು. ಮೋಟಾರಿನ ಸದ್ದಿದ್ದೂ ತೋಳು ಅಲುಗದಿದ್ದರೆ ಮೊದಲು ತೋಳಿನ ಬುಡದ ನಟ್ಟನ್ನು ಬಿಗಿಮಾಡಿ ನೋಡಬೇಕು. ಏನೂ ಸದ್ದಿಲ್ಲದಿದ್ದರೆ ಫ್ಯೂಸನ್ನು ನೋಡುವುದು ಮೊದಲ ಕೆಲಸ. ಸಿಕ್ಕಿಕೊಂಡ ತೋಳನ್ನು ಸ್ವಿಚ್ ಹಾಕಿರುವಾಗ ಕೈಯಿಂದ ಎಳೆಯಬಾರದು. ಒಳಗಿನ ಹಲ್ಲುಚಕ್ರ ಮುರಿಯುತ್ತದೆ, ಬೆರಳಿಗೂ ಅಪಾಯ. ಧೂಳು ತುಂಬಿದ ಒಣಗಾಜಿನ ಮೇಲೆ ವೈಪರ್ ಓಡಿಸಿದರೆ ಗೀರು ಬೀಳುವುದಲ್ಲದೆ ಮೋಟಾರಿಗೂ ಭಾರವಾಗುತ್ತದೆ. ಮೊದಲು ನೀರು ಹಾಕಬೇಕು.

ಕೊನೆಯ ವರ್ಷಗಳು ಮತ್ತು ಗೌರವ

ಮೇರಿ ತಮ್ಮ ಜೀವಿತದ ಕೊನೆಯವರೆಗೂ ಬರ್ಮಿಂಗ್‌ಹ್ಯಾಮಿನ ಫೇರ್‌ಮಾಂಟ್ ಕಟ್ಟಡವನ್ನು ನೋಡಿಕೊಂಡರು. ಟೆನೆಸ್ಸೀ ರಾಜ್ಯದ ಮಾಂಟೀಗಲ್‌ನಲ್ಲಿದ್ದ ಬೇಸಿಗೆ ಮನೆಯಲ್ಲಿ ತಮ್ಮ 87ನೆಯ ವಯಸ್ಸಿನಲ್ಲಿ ನಿಧನರಾದರು. ಬರ್ಮಿಂಗ್‌ಹ್ಯಾಮಿನ ಎಲ್ಮ್‌ವುಡ್ ಸ್ಮಶಾನದಲ್ಲಿ ಇವರ ಸಮಾಧಿಯಿದೆ. ಅಮೆರಿಕದ ರಾಷ್ಟ್ರೀಯ ಸಂಶೋಧಕರ ಗೌರವ ಪಟ್ಟಿಗೆ ಇವರ ಹೆಸರು ಸೇರಿದ್ದು 2011ರಲ್ಲಿ, ಪೇಟೆಂಟ್ ದೊರೆತು 108 ವರ್ಷಗಳಾದ ಮೇಲೆ.