ಸರ್ ಎಂ. ವಿಶ್ವೇಶ್ವರಯ್ಯ: ಶಾಲೆಗೆ ಮಕ್ಕಳನ್ನು ಕರೆತಂದ ದಿವಾನರು

ಬೋಧನಾಭ್ಯಾಸಕ್ಕೆ ನನ್ನನ್ನು ಶಿಡ್ಲಘಟ್ಟದ ಒಂದು ಸರ್ಕಾರಿ ಶಾಲೆಗೆ ಹಾಕಿದ್ದರು. ಸೆಪ್ಟೆಂಬರ್ 15, ಎಂಜಿನಿಯರುಗಳ ದಿನ. ಎಂಟನೆಯ ತರಗತಿಯಲ್ಲಿ ವಿಶ್ವೇಶ್ವರಯ್ಯನವರ ಬಗ್ಗೆ ಮಾತನಾಡುತ್ತಾ ಕನ್ನಂಬಾಡಿ ಕಟ್ಟೆ, ಸ್ವಯಂಚಾಲಿತ ಬಾಗಿಲು, ಭಾರತರತ್ನ ಎಂದು ಪಟ್ಟಿ ಒಪ್ಪಿಸಿದೆ. ಕೊನೆಯಲ್ಲಿ ಒಬ್ಬ ಹುಡುಗಿ ಎದ್ದು, ಅವರು ಓದಿದ್ದು ಎಂಥ ಶಾಲೆಯಲ್ಲಿ ಎಂದು ಕೇಳಿದಳು. ಚಿಕ್ಕಬಳ್ಳಾಪುರದಲ್ಲಿ ಎಂದಷ್ಟೇ ಹೇಳಿ ಕುಳಿತೆ. ಆ ಪ್ರಶ್ನೆಗಾಗಿ ಆಮೇಲೆ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಂದಿ ಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಅವರು ಹುಟ್ಟಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ವಿದ್ಯೆಯಿತ್ತು, ಹಣವಿರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಆರಂಭದ ಓದು. ಹದಿಹರೆಯದಲ್ಲೇ ತಂದೆ ತೀರಿಕೊಂಡರು. ಸೋದರಮಾವನ ಆಸರೆಯಲ್ಲಿ ಬೆಂಗಳೂರು ಸೇರಿದ ಹುಡುಗ, ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಮನೆಪಾಠ ಹೇಳುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಎಂಜಿನಿಯರ್ ಆಗುವ ಮೊದಲು ಅವರೂ ನಮ್ಮ ಹಾಗೆ ಪಾಠ ಹೇಳಿದವರೇ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದು ಸಾಧ್ಯವಾಯಿತು.

ಮುಂಬಯಿ ಪ್ರಾಂತ್ಯದ ನೌಕರಿ, ಹೈದರಾಬಾದಿನ ಪ್ರವಾಹ ನಿಯಂತ್ರಣದ ಕೆಲಸಗಳಾದ ಮೇಲೆ 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು. ಅವರು ಹುಟ್ಟುಹಾಕಿದ ಆರ್ಥಿಕ ಸಮ್ಮೇಳನವು 1911ರಲ್ಲಿ ಶುರುವಾಗಿತ್ತು. ಕೃಷಿ, ಕೈಗಾರಿಕೆಗಳ ಜೊತೆಗೆ ಶಿಕ್ಷಣಕ್ಕೂ ಅದರಲ್ಲಿ ಒಂದು ಸಮಿತಿಯಿತ್ತು. ಜಿಲ್ಲೆ, ತಾಲ್ಲೂಕು ಮಟ್ಟದಲ್ಲೂ ಸಮಿತಿಗಳಾದವು. ರಾಜಧಾನಿಯ ಯೋಜನೆಗಳನ್ನು ಊರಿನವರ ಮುಂದೆ ತರಲು ಅದು ದಾರಿಯಾಯಿತು.

1913ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾನೂನು ಬಂತು. ಅದನ್ನು ಒಮ್ಮೆಗೇ ಇಡೀ ಸಂಸ್ಥಾನಕ್ಕೆ ಹೇರಲಿಲ್ಲ, ಆಯ್ದ ಕೇಂದ್ರಗಳಲ್ಲಿ ಮೊದಲು ಜಾರಿಗೊಳಿಸಿದರು. ಜೊತೆಗೆ ಶಾಲೆಗಳನ್ನು ತೆರೆಯುತ್ತಾ ಹೋದರು. ಅವರು ಅಧಿಕಾರಕ್ಕೆ ಬಂದಾಗ ಸಂಸ್ಥಾನದಲ್ಲಿ ಸುಮಾರು 4,500 ಶಾಲೆಗಳಿದ್ದವು. ಆರು ವರ್ಷಗಳಲ್ಲಿ ಸುಮಾರು 6,500 ಸೇರಿದವು. ಮಕ್ಕಳ ಸಂಖ್ಯೆ ಸುಮಾರು 1,40,000ದಿಂದ 3,66,000ಕ್ಕೆ ಏರಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂತು.

ಅವರ ಮಾತೇ ಎಲ್ಲ ಕಡೆ ನಡೆಯಲಿಲ್ಲ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳ ಪ್ರಾತಿನಿಧ್ಯದ ಪ್ರಶ್ನೆಯಲ್ಲಿ ಮಹಾರಾಜರ ನಿಲುವನ್ನು ಅವರು ಒಪ್ಪಲಿಲ್ಲ. 1918ರಲ್ಲಿ ದಿವಾನಗಿರಿ ಬಿಟ್ಟರು. ಶಾಲೆ ಹೆಚ್ಚಿಸಿದವರ ಬದುಕಿನಲ್ಲಿ ಇದನ್ನೂ ಮಕ್ಕಳಿಗೆ ಹೇಳಬೇಕೆಂದು ನನಗೆ ಅನಿಸುತ್ತದೆ. 1955ರಲ್ಲಿ ಭಾರತರತ್ನ ಬಂತು. 1962ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ.

ಇದನ್ನೆಲ್ಲ ಓದುವಾಗಲೇ ನಮ್ಮ ಶಾಲೆಯ ದಾಖಲಾತಿ ವಹಿಯನ್ನೂ ನೋಡಿದೆ. ವರ್ಷದಿಂದ ವರ್ಷಕ್ಕೆ ಹೆಸರುಗಳು ಕಡಿಮೆ. ಪೋಷಕರಿಗೆ ಆಸಕ್ತಿಯಿಲ್ಲ ಎಂದು ನನ್ನ ದಿನಚರಿಯಲ್ಲಿ ಬರೆದುಬಿಟ್ಟಿದ್ದೆ. ಪ್ರಶ್ನೆ ಕೇಳಿದ ಹುಡುಗಿಯ ತಾಯಿ ರೇಷ್ಮೆ ನೂಲು ಬಿಚ್ಚಾಣಿಕೆ ಕೆಲಸದವರು. ಒಂದು ಸಂಜೆ ಅವರನ್ನು ಕಂಡೆ. ಬೆಳಿಗ್ಗೆ ಹನ್ನೊಂದಕ್ಕೆ ಪೋಷಕರ ಸಭೆ ಕರೆದರೆ ಅರ್ಧ ದಿನದ ಕೂಲಿ ಹೋಗುತ್ತದೆ ಎಂದರು. ಚಿಕ್ಕವನನ್ನು ಖಾಸಗಿ ಶಾಲೆಗೆ ಸೇರಿಸಲು ಯೋಚಿಸುತ್ತಿದ್ದರು: ವ್ಯಾನು ಬಾಗಿಲಿಗೆ ಬರುತ್ತದೆ, ಇಂಗ್ಲಿಷ್ ಕಲಿಸುತ್ತಾರೆ. ಆಸಕ್ತಿಯಿಲ್ಲದವರು ಇಷ್ಟು ಲೆಕ್ಕ ಹಾಕುವುದಿಲ್ಲ. ದಿನಚರಿಯ ಆ ಸಾಲನ್ನು ಹೊಡೆದುಹಾಕಿದೆ.

ಮುಂದಿನ ಸಭೆಯನ್ನು ಸಂಜೆ ಇಡೋಣವೇ ಎಂದು ಮುಖ್ಯ ಶಿಕ್ಷಕರನ್ನು ಕೇಳಿದೆ, ಒಪ್ಪಿದರು. ಬಂದವರು ಹೆಚ್ಚೇನಲ್ಲ, ಆದರೆ ಆ ತಾಯಿ ಬಂದಿದ್ದರು. ಚಿಕ್ಕವನನ್ನು ಎಲ್ಲಿಗೆ ಸೇರಿಸುತ್ತಾರೋ ತಿಳಿಯುವ ಮೊದಲೇ ನನ್ನ ಬೋಧನಾಭ್ಯಾಸ ಮುಗಿಯಿತು. ಕಾನೂನು ಇದ್ದೂ ದಿವಾನರು ಶಾಲೆಯನ್ನು ಮನೆಗಳ ಹತ್ತಿರಕ್ಕೆ ಒಯ್ದರು. ಈಗ ಶಾಲೆ ಹತ್ತಿರವೇ ಇದೆ. ಮನೆಯವರ ಹತ್ತಿರ ಹೋಗಬೇಕಾದವರು ನಾವು.