ಆಲ್ಫ್ರೆಡ್ ಬಿನೆ ಮತ್ತು ಮಕ್ಕಳ ಬುದ್ಧಿಯ ಅಳತೆ

ಬುದ್ಧಿಮಾಪನ ಪರೀಕ್ಷೆಗಳ ಮೂಲಪುರುಷರೆಂದು ಶಿಕ್ಷಣಶಾಸ್ತ್ರವು ಸ್ಮರಿಸುವ ಆಲ್ಫ್ರೆಡ್ ಬಿನೆ ಅವರು 1857ರಲ್ಲಿ ನೀಸ್ ನಗರದಲ್ಲಿ ಜನಿಸಿದರು. ಕಾನೂನು ಪದವಿ ಪಡೆದರೂ ವಕೀಲಿ ವೃತ್ತಿಗೆ ಅವರ ಮನಸ್ಸು ಒಲಿಯಲಿಲ್ಲ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಮನಃಶಾಸ್ತ್ರವನ್ನು ಸ್ವತಃ ಅಭ್ಯಸಿಸಿದರು. ಬಳಿಕ ಪ್ರಸಿದ್ಧ ವೈದ್ಯ ಶಾರ್ಕೋ ಅವರ ಆಸ್ಪತ್ರೆಯಲ್ಲಿ ಸಂಮೋಹನದ ಪ್ರಯೋಗಗಳನ್ನು ನಡೆಸಿದರು. ಸಂಮೋಹಿತರ ದೇಹದ ಒಂದು ಪಾರ್ಶ್ವದ ಲಕ್ಷಣಗಳನ್ನು ಅಯಸ್ಕಾಂತವು ಮತ್ತೊಂದು ಪಾರ್ಶ್ವಕ್ಕೆ ಒಯ್ಯುತ್ತದೆಂದು ಅವರು ಸಾರಿದ್ದರು. ಅದು ಪ್ರಯೋಗಕಾರನ ಸೂಚನೆಯ ಪ್ರಭಾವವೆಂದು ಬೆಲ್ಜಿಯಂನ ವಿದ್ವಾಂಸರೊಬ್ಬರು ತೋರಿಸಿದಾಗ ಬಿನೆ ತಮ್ಮ ತಪ್ಪನ್ನು ಒಪ್ಪಿಕೊಂಡರು. ಪರೀಕ್ಷಕನ ನಿರೀಕ್ಷೆಯೇ ಉತ್ತರವಾಗಿ ಮರಳಬಹುದೆಂಬ ಎಚ್ಚರ ಅವರ ಮುಂದಿನ ಕೃಷಿಯಲ್ಲೆಲ್ಲ ಕಾಣುತ್ತದೆ.

ಮಕ್ಕಳ ಕುರಿತ ಮೊದಲ ಪಾಠಗಳು ಅವರಿಗೆ ದೊರೆತದ್ದು ಮನೆಯಲ್ಲಿಯೇ. ನಡೆಯಲು ಕಲಿಯುವಾಗ ಹಿರಿಯ ಮಗಳು ಮ್ಯಾಡಲೀನ್ ಎದುರಿನ ಆಸರೆಯನ್ನು ದಿಟ್ಟಿಸಿ, ಎಚ್ಚರದಿಂದ ಅದರತ್ತ ಸಾಗುತ್ತಿದ್ದಳು. ಕಿರಿಯಳಾದ ಆಲಿಸ್ ತೂರಾಡುತ್ತ ಕೋಣೆಯ ನಡುವಿಗೆ ನುಗ್ಗುತ್ತಿದ್ದಳು. ಒಂದೇ ಮನೆಯಲ್ಲಿ ಬೆಳೆದ ಇಬ್ಬರ ಗಮನ, ಕಲ್ಪನೆಗಳ ರೀತಿಯೇ ಬೇರೆ ಬೇರೆ ಆಗಿತ್ತು. ಈ ಅವಲೋಕನಗಳನ್ನು ಬೆಳೆಸಿ ಅವರು 1903ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು.

ಫ್ರಾನ್ಸಿನಲ್ಲಿ 1882ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಯಿತು. ಕಲಿಕೆಯಲ್ಲಿ ಹಿಂದುಳಿಯುವ ಮಕ್ಕಳ ಪ್ರಶ್ನೆ ಆಗ ಮುನ್ನೆಲೆಗೆ ಬಂದಿತು. 1904ರಲ್ಲಿ ಸರಕಾರ ನೇಮಿಸಿದ ಆಯೋಗದಲ್ಲಿ ಬಿನೆ ಸದಸ್ಯರಾಗಿದ್ದರು. ಅಧ್ಯಾಪಕರ ಬೇಸರವಾಗಲಿ ವೈದ್ಯರ ಊಹೆಯಾಗಲಿ ಮಗುವಿನ ಭವಿಷ್ಯವನ್ನು ನಿರ್ಧರಿಸಬಾರದೆಂದು ಬಗೆದು, ಥಿಯೊಡೋರ್ ಸಿಮೋನ್ ಅವರ ಜೊತೆಗೂಡಿ 1905ರಲ್ಲಿ 30 ಪರೀಕ್ಷೆಗಳ ಮಾಪಕವನ್ನು ರಚಿಸಿದರು. ಅಂಕಿಗಳನ್ನು ಕೇಳಿ ಮರಳಿ ಹೇಳುವುದು, ಮರಕ್ಕೂ ಗಾಜಿಗೂ ಇರುವ ಭೇದವನ್ನು ತಿಳಿಸುವುದು ಮುಂತಾದ ಸರಳ ಕೆಲಸಗಳು ಅದರಲ್ಲಿದ್ದವು. ಶಾಲೆಯ ಪಾಠಕ್ಕಿಂತ ಮಗುವಿನ ವಿವೇಚನೆಯನ್ನು ಅರಿಯುವುದು ಅದರ ಗುರಿ. 1908ರ ಪರಿಷ್ಕರಣೆಯಲ್ಲಿ 3ರಿಂದ 13 ವರ್ಷದವರೆಗಿನ ವಯೋಮಾನಕ್ಕೆ ತಕ್ಕಂತೆ ಪ್ರಶ್ನೆಗಳನ್ನು ಜೋಡಿಸಿದರು.

ಬುದ್ಧಿ ಹುಟ್ಟಿನಿಂದಲೇ ನಿಶ್ಚಿತವಾದ ಪರಿಮಾಣವೆಂಬ ವಾದವನ್ನು ಬಿನೆ 1909ರ ತಮ್ಮ ಕೃತಿಯಲ್ಲಿ ಕಟುವಾಗಿ ಅಲ್ಲಗಳೆದರು. ವಿಶೇಷ ತರಗತಿಗಳ ಮಕ್ಕಳನ್ನು ಶಿಲ್ಪದಂತೆ ನಿಶ್ಚಲವಾಗಿ ನಿಲ್ಲಿಸುವ ಆಟದ ಮೂಲಕ ಗಮನಶಕ್ತಿಯನ್ನು ಬೆಳೆಸಬಹುದೆಂದು ತೋರಿಸಿದರು. ಅವರಿಗೆ ಅಳತೆಯು ನೆರವಿನ ಮೊದಲ ಮೆಟ್ಟಿಲಾಗಿತ್ತು.

1911ರಲ್ಲಿ, 54ನೆಯ ವಯಸ್ಸಿಗೆ ಬಿನೆ ತೀರಿಕೊಂಡರು. ಮರುವರ್ಷ ಜರ್ಮನಿಯ ಸ್ಟರ್ನ್ ಬುದ್ಧಿಯ ಮಟ್ಟವನ್ನು ವಯಸ್ಸಿನಿಂದ ಭಾಗಿಸುವ ಸೂತ್ರವನ್ನು ಸೂಚಿಸಿದರು. 1916ರಲ್ಲಿ ಅಮೆರಿಕದ ಟರ್ಮನ್ ಅದನ್ನು ತಮ್ಮ ಪರಿಷ್ಕೃತ ಮಾಪಕದಲ್ಲಿ ಅಳವಡಿಸಿದರು. ನೆರವು ಬೇಕಾದ ಮಗುವನ್ನು ಗುರುತಿಸಲು ಹುಟ್ಟಿದ ಸಾಧನವು ಅಲ್ಲಿ ವಂಶಗುಣದ ವಾದಕ್ಕೂ ವಲಸಿಗರ ವರ್ಗೀಕರಣಕ್ಕೂ ಬಳಕೆಯಾಯಿತು.

ನಮ್ಮ ಸೀಮೆಗೂ ಈ ಮಾಪಕ ಬಂದಿತು. 1930ರ ದಶಕದಲ್ಲಿ ವಿ. ವಿ. ಕಾಮತರು ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಅಳವಡಿಸಿದರು. ಎರಡು ಭಾಷೆಗಳಲ್ಲಿ ಅದನ್ನು ಸಿದ್ಧಪಡಿಸಿದ್ದರ ಔಚಿತ್ಯ ಗಡಿನಾಡಿನವರಾದ ನಮಗೆ ಬೇಗ ಮನದಟ್ಟಾಗುತ್ತದೆ. ಕನ್ನಡ ಮನೆಮಾತಿನ ಮಗುವಿಗೆ ಮರಾಠಿಯಲ್ಲಿ ಪ್ರಶ್ನೆ ಕೇಳಿ ಅಂಕ ಕೊಟ್ಟರೆ, ಆ ಅಂಕದಲ್ಲಿ ಬುದ್ಧಿಯ ಪಾಲೆಷ್ಟು, ಭಾಷೆಯ ಪಾಲೆಷ್ಟು ಎಂಬುದನ್ನು ಬಿಡಿಸುವುದು ಕಷ್ಟ. ಅಂಕಪಟ್ಟಿಗೆ ಸಹಿ ಹಾಕುವ ಮುನ್ನ ಅಧ್ಯಾಪಕರು ಈ ಪ್ರಶ್ನೆಯನ್ನು ಕೇಳಿಕೊಂಡರೆ ಬಿನೆಯವರ ಶ್ರಮಕ್ಕೆ ಸಾರ್ಥಕತೆ ದೊರೆತೀತು.